ಅವ್ವ ಹಕ್ಕಿ ಕಾದ ಚಳಿಗಾಲ

ನಮ್ಮವ್ವನಿಗೆ ಶ್ರಾವಣದಲ್ಲಿ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಮುಂಜಾನೆ ಹೋದವು. ಕೈಕಾಲು ಹೋದದ್ದಕ್ಕಿಂತ ಮಾತು ಹೋದದ್ದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಯಾಕೆಂದರೆ ಸುಮ್ಮನೆ ಕೂತ ಅವ್ವನನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಎದ್ದ ಕೂಡಲೇ ಹಾಲಿನವನ ಸಂಗಡ ಶುರುವಾದರೆ ಸಂಜೆ ದೀಪ ಹಚ್ಚುವಾಗ ದೇವರ ಸಂಗಡ ಮುಗಿಯುವ ಜಗಳ ಅವಳದು. ಆ ಬಾಯಿ ನಿನಗೂ ಬಂದಿದೆ ಎಂದು ನನ್ನ ಗಂಡ ಅನ್ನುತ್ತಿರುತ್ತಾರೆ. ಬರಲಿ ಬಿಡಿ, ತವರಿನಿಂದ ಬಂದದ್ದು ಅದೊಂದಾದರೂ ಇದೆಯಲ್ಲ ಎಂದು ನಾನೂ ಅನ್ನುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗೇ ಇದ್ದಾಳೆ. ಇಬ್ರಾಹಿಂಪುರದ ನಮ್ಮ ಮನೆ ರೈಲು ಹಳಿಗೆ ಹತ್ತಿರ. ಮುಂದೆ ಎರಡು ಖೋಲಿ, ಹಿಂದೆ ಒಂದು, ಅದರ ಹಿಂದೆ ಬೇವಿನ ಮರವಿರುವ ಸಣ್ಣ ಹಿತ್ತಲು. ಹಿಂದಿನ ಖೋಲಿಯಲ್ಲಿ ನನ್ನ ಹೊಲಿಗೆ ಮಷಿನ್ ಇದೆ. ಓಣಿಯ ಹೆಂಗಸರ ಕುಪ್ಪಸ ಹೊಲಿಯುವುದು ನನ್ನ ಕೆಲಸ. ದಿನವಿಡೀ ನಾನು ಅಲ್ಲೇ ಇರುತ್ತೇನಾದ್ದರಿಂದ ಅವ್ವನ ಮಂಚವನ್ನೂ ಅದೇ ಖೋಲಿಗೆ ತಂದು, ಹಿತ್ತಲು ಕಾಣುವ ಕಿಟಕಿಯ ಪಕ್ಕಕ್ಕೆ ಹಾಕಿದೆವು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರೆ ಕೂರುತ್ತಿದ್ದಳು. ಕಣ್ಣು ಬಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಏನು ನೋಡುತ್ತಿದ್ದಾಳೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕೈಕಾಲಿಗೆ ವ್ಯಾಯಾಮ ಮಾಡಿಸಲು ಒಬ್ಬ ಅಕ್ಕೋರು ಬರುತ್ತಿದ್ದರು. ಗಟ್ಟಿ ಹೆಂಗಸು. ಅವ್ವನ ಸತ್ತ ಕೈಯನ್ನು ರೊಟ್ಟಿ ಹಿಟ್ಟು ನಾದಿದ ಹಾಗೆ ನಾದುತ್ತಿದ್ದರು. ಅವರು ನನ್ನನ್ನು ಬಾಗಿಲ ಹೊರಗೆ ಕರೆದು ಹೇಳಿದ್ದು ಒಂದೇ ಮಾತು.

"ಮಾತು ಬರೂದಾದ್ರ ಈಗೇ ಬರಬೇಕ್ರಿ. ಸುಮ್ಮ ಕುಂಡ್ರಾಕ ಬಿಡಬ್ಯಾಡ್ರಿ. ನಗಸ್ರಿ, ಅಳಸ್ರಿ, ಸಿಟ್ಟಿಗೆಬ್ಬಸ್ರಿ, ಏನರ ಮಾಡ್ರಿ. ಒಮ್ಮೆ ಸುಮ್ಮ ಕುಂತು ರೂಢಿ ಆತಂದ್ರ ಮನಷ್ಯಾ ಹಂಗ ಒಳಗ ಇಳದು ಹೋಗಿಬಿಡ್ತಾನ."

ಆ ಮಾತು ಕೇಳಿದ ಮೇಲೆ ನಾನು ಮಾಡದ ಕಸರತ್ತಿಲ್ಲ. ಅವಳ ಹಳೆಯ ವೈರಿ, ಮೂಲೆಮನೆಯ ಮುದುಕಿಯನ್ನು ಕರೆಸಿ ಎದುರಿಗೆ ಕೂರಿಸಿದೆ. ಸಾರಿಗೆ ಬೇಕಂತಲೇ ಉಪ್ಪು ಹಾಕದೆ ಉಣಿಸಿದೆ, ಬೈಯಲಿ ಎಂದು. "ಬೈಯ್ ಬೇ ಯವ್ವಾ, ಒಂದ್ಸಲ ಬೈಯ್" ಎಂದು ಗಲ್ಲ ಹಿಡಿದು ಕೇಳಿಕೊಂಡೆ. ಅವ್ವ ಉಪ್ಪಿಲ್ಲದ ಸಾರನ್ನು ಸುಮ್ಮನೆ ನುಂಗಿದಳು. ಆಗ ನಾನು ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ದೀಪಾವಳಿ ಕಳೆದು ಥಂಡಿ ಬಿತ್ತು. ನನ್ನ ಗಂಡನದು ಸಿದ್ಧೇಶ್ವರ ಗುಡಿಯ ಹತ್ತಿರ ಸಣ್ಣ ಬಳೆ ಅಂಗಡಿ. ಒಂದು ಸಂಜೆ ಅವರು ಸಜ್ಜೆಯ ತೆನೆಯ ಕಟ್ಟೊಂದನ್ನು ಬಗಲಲ್ಲಿಟ್ಟುಕೊಂಡು ಬಂದರು. ಹಳ್ಳಿಯವಳೊಬ್ಬಳು ಗುಡಿಯ ಮುಂದೆ ಮಾರುತ್ತಿದ್ದಳಂತೆ. ನಮ್ಮ ಕಡೆ ಬಾಗಿಲಿಗೆ ತೆನೆ ಕಟ್ಟುವ ರೂಢಿ ಇದೆ, ಗುಬ್ಬಿ ತಿಂದು ಹೋಗಲಿ ಎಂದು. ಬಾಗಿಲಿಗೆ ಕಟ್ಟಲು ಹೋದವರು ತಡೆದು, "ಹಿತ್ತಲ ಕಟ್ಟೂಣು. ಅವ್ವ ಹಕ್ಕಿ ನೋಡ್ಕೋಂತ ಕುಂಡ್ರಲಿ" ಎಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರಿಗೆ ಹೊಳೆದ ಒಂದು ಒಳ್ಳೆಯ ವಿಚಾರ ಇದು ಎಂದು ನಾನು ಚಾಷ್ಟಿ ಮಾಡಿದೆ. ಅವರಿಗೆ ಹುರುಪು ಬಂತು. ಖಾಲಿ ಎಣ್ಣೆ ಡಬ್ಬಿಯ ಬದಿ ಕತ್ತರಿಸಿ, ಅಂಚನ್ನು ಒಳಗೆ ಮಡಚಿ, ತಂತಿ ಕಟ್ಟಿ ಬೇವಿನ ಟೊಂಗೆಗೆ ತೂಗು ಹಾಕಿದರು. ಅದರಲ್ಲಿ ಜೋಳ, ಕೆಳಗೆ ಮಣ್ಣಿನ ಬೋಗುಣಿಯಲ್ಲಿ ನೀರು, ಪಕ್ಕದ ಟೊಂಗೆಗೆ ಸಜ್ಜೆಯ ತೆನೆ.

ಹಕ್ಕಿಗಳು ಕೂಡಲೇ ಬರಲಿಲ್ಲ. ಡಬ್ಬಿಯ ತಗಡು ಬಿಸಿಲಿಗೆ ಹೊಳೆಯುತ್ತಿತ್ತು, ಅದಕ್ಕೇ ಹೆದರುತ್ತಿದ್ದವೋ ಏನೋ. ಮೊದಲು ಧೈರ್ಯ ಮಾಡಿದ್ದು ಒಂದು ಗಂಡು ಗುಬ್ಬಿ. ತೆನೆಯ ಮೇಲೆ ತಲೆಕೆಳಗಾಗಿ ಜೋತುಬಿದ್ದು ಎರಡು ಕಾಳು ಕಿತ್ತು ಓಡಿಹೋಯಿತು. ಮರುದಿನ ಅದರ ಇಡೀ ಬಳಗ ಬಂತು. ಆಮೇಲೆ ಬೆಳವಗಳು. ಅವು ಮರದಲ್ಲಿ ಕೂತು ಬಹಳ ಹೊತ್ತು ಯೋಚನೆ ಮಾಡಿ, ಗುಬ್ಬಿಗಳು ಚೆಲ್ಲಿದ ಕಾಳನ್ನು ನೆಲದಲ್ಲಿ ನಡೆದಾಡುತ್ತ ಹೆಕ್ಕುತ್ತಿದ್ದವು. ಗೊರವಂಕಗಳು ಬಂದರೆ ಬೀಗರು ಬಂದ ಹಾಗೆ ಗದ್ದಲ. ಗಿಳಿಗಳು ತಿನ್ನುವುದಕ್ಕಿಂತ ಕೆಡಿಸುವುದೇ ಹೆಚ್ಚು. ನಾನು ಮಷಿನ್ ತುಳಿಯುವುದು ಬಿಟ್ಟು ನೋಡುತ್ತ ಕೂತುಬಿಡುತ್ತಿದ್ದೆ. ಸುಡಲಿ, ಇಷ್ಟು ವರ್ಷ ಇದೇ ಮರ ಇತ್ತು, ಇದೇ ಕಿಟಕಿ ಇತ್ತು, ಒಂದು ದಿನವಾದರೂ ಕತ್ತೆತ್ತಿ ನೋಡಿರಲಿಲ್ಲ.

ಒಂದು ಮುಂಜಾನೆ ಗಿಳಿಗಳ ಹಿಂಡು ಇಳಿದು ತೆನೆಗೆ ಮುತ್ತಿಕೊಂಡಿತು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಬೆನ್ನ ಹಿಂದೆ ಒಂದು ಸದ್ದು ಬಂತು.

"ಹೋ..."

ತಿರುಗಿ ನೋಡಿದರೆ ಅವ್ವ. ದಿಂಬಿನಿಂದ ಮುಂದಕ್ಕೆ ಬಾಗಿದ್ದಾಳೆ. ಬಾಯಿ ಸೊಟ್ಟಗೆ ತೆರೆದಿದೆ. ಕುತ್ತಿಗೆಯ ನರ ಉಬ್ಬಿದೆ. "ಹೋ... ಹೋ..." ನಾನು ಸೂಜಿ ಎಲ್ಲಿ ಬಿತ್ತೋ ನೋಡಲಿಲ್ಲ. ಅವ್ವನನ್ನು ತಬ್ಬಿಕೊಂಡು, "ಬಂತ್ರಿ, ಅವ್ವಗ ದನಿ ಬಂತ್ರಿ" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ಗಂಡ ಅರ್ಧ ಬೋಳಿಸಿದ ಗಡ್ಡದಲ್ಲೇ ಓಡಿ ಬಂದರು.

ಅಲ್ಲಿಂದ ದಿನಕ್ಕೊಂದಿಷ್ಟು ದಾರಿ ಬಿಟ್ಟಿತು. ಹಕ್ಕಿ ಬಂದರೆ "ಹೋ". ಕೆಲವು ವಾರದಲ್ಲಿ "ಹಕ್ಕಿ" ಎನ್ನುವ ಮಾತು ಹೊರಟಿತು. ಕ್ಕ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಆದರೆ ಮಾತು ಮಾತೇ. ಆಮೇಲೆ ಇನ್ನೊಂದು ಬಂತು. ನನ್ನ ಸೆರಗನ್ನು ಎಡಗೈಯಲ್ಲಿ ಹಿಡಿದು ಜಗ್ಗಿ, ಕಿಟಕಿಯ ಕಡೆ ನೋಡಿ, ಬೆವೆತು ಬೆವೆತು ಹೊರಡಿಸಿದಳು: "ಹಕ್ಕಿ... ಕಾಯ್."

ಹಕ್ಕಿ ಕಾಯ್. ನಾವು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದೆವು. ತನ್ನ ಮೈ ತನಗೇ ಭಾರವಾಗಿರುವಾಗ ಹಕ್ಕಿಯ ಚಿಂತೆ ಈ ಮುದುಕಿಗೆ! ಹಕ್ಕಿಗಳನ್ನು ಕಾಪಾಡು ಅನ್ನುತ್ತಿದ್ದಾಳೆ, ಉಪವಾಸ ಕೆಡವಬೇಡ ಅನ್ನುತ್ತಿದ್ದಾಳೆ. "ಕಾಯ್ತೀನಿ ಬೇ ಯವ್ವಾ, ಕಾಯ್ತೀನಿ. ಒಂದ್ ಹಕ್ಕಿನೂ ಹಸದು ಹೋಗಂಗಿಲ್ಲ ತಗೋ" ಎಂದು ಮಾತು ಕೊಟ್ಟೆ. ಅದೇ ಮಧ್ಯಾಹ್ನ ಡಬ್ಬಿಗೆ ಇನ್ನೊಂದು ಸೇರು ಜೋಳ ಸುರಿದೆ.

ಸುದ್ದಿ ಓಣಿಯಲ್ಲಿ ಹಬ್ಬಿತು. ಕುಪ್ಪಸ ಹೊಲಿಯಲು ಕೊಡಲು ಬಂದವರು ಜೊತೆಗೆ ಒಂದು ಬೊಗಸೆ ನವಣೆಯೋ ಅಕ್ಕಿ ನುಚ್ಚೋ ತರತೊಡಗಿದರು. ಮೂಲೆಮನೆಯ ವೈರಿಯೂ ಒಂದು ತಾಟು ಸಜ್ಜೆ ಕಳಿಸಿದಳು. ನಮ್ಮ ಹಿತ್ತಲು ಹಕ್ಕಿಗಳ ಖಾನಾವಳಿಯಾಯಿತು. ರಾಟವಾಳಗಳು ಬಂದವು. ಚಳಿಗಾಲಕ್ಕೆ ಎಲ್ಲಿಂದಲೋ ಬರುವ ಕಬ್ಬಕ್ಕಿಗಳು, ಕರಿ ತಲೆ, ಗುಲಾಬಿ ಮೈ, ಒಂದು ದಿನ ಮೋಡ ಕವಿದ ಹಾಗೆ ಬೇವಿನ ಮರದ ಮೇಲೆ ಇಳಿದವು. ಆ ದಿನ ಅವ್ವ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು. ಕಣ್ಣಿಂದ ನೀರು ಸುರಿಯುತ್ತಿತ್ತು. ಆನಂದಕ್ಕೆ ಎಂದುಕೊಂಡು ನಾನೂ ಅತ್ತೆ.

ಎಷ್ಟೊಂದು ಸಂಗತಿಗಳನ್ನು ನಾವು ಹೀಗೆ ಓದಿಕೊಂಡೆವು. ಮುಂಜಾನೆ ಹಕ್ಕಿ ತಿನ್ನುವ ಹೊತ್ತಿಗೆ ಅವ್ವ ತುತ್ತು ಮುಟ್ಟುತ್ತಿರಲಿಲ್ಲ. ತುಟಿಗೆ ತಂದರೆ ತಲೆ ತಿರುಗಿಸುತ್ತಿದ್ದಳು. ಬಿಸಿಲೇರಿ ಹಕ್ಕಿಗಳು ಹೋದ ಮೇಲೆಯೇ ಊಟ. ಅವು ಉಂಡ ಮೇಲೆ ತಾನು ಉಣ್ಣುತ್ತಾಳೆ, ಎಂಥ ಜೀವ ಎಂದೆವು. ರೈಲು ಹಾದುಹೋಗುವಾಗ ಹಕ್ಕಿಗಳೆಲ್ಲ ಭರ್ರೆಂದು ಎದ್ದು ಹಾರುತ್ತಿದ್ದವು. ಆಗ ಅವ್ವನ ಮುಖ ಸಡಿಲಾಗಿ, ದಿಂಬಿಗೆ ಒರಗಿ ಉಸಿರು ಬಿಡುತ್ತಿದ್ದಳು. ಅವ್ವನಿಗೆ ರೈಲಿನ ಸದ್ದು ಬಹಳ ಇಷ್ಟ ಎಂದು ಗಂಡ ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದರು. ಎಲ್ಲಕ್ಕಿಂತ ದೊಡ್ಡದು ಬಲಗೈ. ಅದು ಅಲುಗತೊಡಗಿತು. ಮೊದಲು ಹಾಸಿಗೆಯ ಮೇಲೆ ತಿಣುಕಿತು, ಆಮೇಲೆ ಮೊಣಕೈವರೆಗೆ ಎದ್ದು, ಗಾಳಿಯಲ್ಲಿ ಸಣ್ಣದೊಂದು ಸುತ್ತು ಹಾಕಿ ಬೀಳುತ್ತಿತ್ತು. ವ್ಯಾಯಾಮದ ಅಕ್ಕೋರು ಅದನ್ನು ಕಂಡು ತಮ್ಮ ಚೀಲ ಕೆಳಗಿಟ್ಟು ಚಪ್ಪಾಳೆ ಹೊಡೆದರು. "ನಾ ಮಾಡಿದ್ದಲ್ಲರಿ ಇದು, ಹಕ್ಕಿ ಮಾಡಿದ್ದು" ಎಂದರು.

ಸಂಕ್ರಾಂತಿಗೆ ತಿಕೋಟಾದಿಂದ ಚಿಗವ್ವ ಬಂದಳು. ಚಿಗವ್ವ ಎಂದರೆ ಅವ್ವನ ಒಬ್ಬಳೇ ತಂಗಿ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕುಸುರೆಳ್ಳು, ತಮ್ಮ ಮನೆಯ ಒಣದ್ರಾಕ್ಷಿ, ಎಲ್ಲ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಬಂದಿದ್ದಳು. ನನಗೋ ತೋರಿಸುವ ಅವಸರ. ಅವಳು ಕಾಲು ತೊಳೆದು ಬರುವುದರೊಳಗೆ ಡಬ್ಬಿಗೆ ಕಾಳು ಸುರಿದು, ಅವ್ವನನ್ನು ಎತ್ತಿ ಕೂರಿಸಿ, "ನೋಡ್ತಿರು ಚಿಗವ್ವಾ, ನಿಮ್ಮಕ್ಕನ ಮಜಾ" ಎಂದೆ.

ಹಕ್ಕಿ ಬಂದವು. ಅವ್ವ "ಹೋ... ಹೋ..." ಎಂದಳು. ಬಲಗೈ ಎದ್ದು ಸುತ್ತು ಹಾಕಿತು. "ಹಕ್ಕಿ ಕಾಯ್" ಎಂದಳು.

ಚಿಗವ್ವ ಕಿಟಕಿ ನೋಡಿದಳು, ಅಕ್ಕನನ್ನು ನೋಡಿದಳು. ಅವಳ ಮುಖ ಕಪ್ಪಿಟ್ಟಿತು.

"ಲೇ ಹುಚ್ಚಿ," ಎಂದಳು ನನಗೆ. "ಏನ್ ಮಾಡೀಯಲೇ ಇದು? ಅಕಿ ಹಕ್ಕಿ ಕಾಯಾಕತ್ತಾಳಲೇ!"

"ಹೌದಲ್ಲ ಚಿಗವ್ವಾ, ಅದನ್ನs ಹೇಳಾಕತ್ತೇನಿ. ಎಷ್ಟು ಅಂತಃಕರಣ ನೋಡು ಅಕಿಗೆ."

"ಸುಡು ನಿನ್ನ ಅಂತಃಕರಣ! ಮಂಚಿಕಿ ಮ್ಯಾಲ ನಿಂತ ಹಕ್ಕಿ ಕಾಯೂದು ಗೊತ್ತಿಲ್ಲೇನ್ ನಿನಗ? ಜ್ವಾಳ ತಿನ್ನಾಕತ್ತಾವ, ಹೊಡಿ, ಎಬ್ಬಸು ಅಂತ ಬಡಕೋಳಾಕತ್ತಾಳ ಅಕಿ. ಕೈ ನೋಡು, ಕವಣಿ ಬೀಸಾಕತ್ತಾಳ!"

ನನಗೆ ಗೊತ್ತಿರದ ಮಾತೇನಲ್ಲ ಅದು. ದನ ಕಾಯುವುದೆಂದರೆ ದನವನ್ನು ನೋಡಿಕೊಳ್ಳುವುದು. ಹಕ್ಕಿ ಕಾಯುವುದೆಂದರೆ ಹಕ್ಕಿಯಿಂದ ಹೊಲವನ್ನು ನೋಡಿಕೊಳ್ಳುವುದು. ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಅಪ್ಪನಿಗೆ ನೌಕರಿ ಇದ್ದದ್ದು ಶಹರದಲ್ಲಿ, ನಾನು ಬೆಳೆದದ್ದು ಶಹರದಲ್ಲಿ, ಹೊಲಕ್ಕೆ ಹೋಗುತ್ತಿದ್ದದ್ದು ಎಳ್ಳಮಾಸಿಗೆ ಉಣ್ಣಲು ಮಾತ್ರ. ಕಾಯ್ ಎಂದರೆ ದೇವರು ಕಾಯ್ದ ಹಾಗೆ ಕಾಯುವುದೇ ನನಗೆ ಹೊಳೆದದ್ದು.

ಚಿಗವ್ವ ಮಂಚದ ಅಂಚಿಗೆ ಕೂತು ಅಕ್ಕನ ತಲೆ ಸವರುತ್ತ ಹೇಳಿದಳು. ಅವರ ತವರು ಬಬಲೇಶ್ವರದ ಹೊಲದಲ್ಲಿ ನಾಲ್ಕು ಕಂಬ ನೆಟ್ಟು ಮೇಲೆ ಅಟ್ಟ ಕಟ್ಟುತ್ತಿದ್ದರು, ಅದೇ ಮಂಚಿಕೆ. ಜೋಳ ಹಾಲುಗಟ್ಟಿದಾಗಿನಿಂದ ಕಟಾವಿನವರೆಗೆ ಅಕ್ಕತಂಗಿಯರಿಬ್ಬರೂ ಅದರ ಮೇಲೆ. ಮುಂಜಾನೆ ಹಕ್ಕಿ ಏಳುವ ಮೊದಲು ಹತ್ತಿದರೆ ಸಂಜೆ ಹಕ್ಕಿ ಗೂಡಿಗೆ ಹೋದ ಮೇಲೆ ಇಳಿಯುವುದು. "ಹಕ್ಕಿ ತಿನ್ನೂ ಹೊತ್ತಿನ್ಯಾಗ ನಮ್ಮಪ್ಪ ತುತ್ತ ಬಾಯಾಗ ಇಡಾಕ ಬಿಡತಿದ್ದಿಲ್ಲ. ಬಾಯಿ ತುಂಬ ರೊಟ್ಟಿ ಇದ್ರ ಹೋ ಅನ್ನಾಕ ಹ್ಯಾಂಗ ಬರ್ತೈತಿ? ನಾ ಕದ್ದು ತಿಂತಿದ್ದೆ. ಇಕಿ ಒಂದ್ ದಿನಾನೂ ತಿನ್ನಲಿಲ್ಲ. ಇಕಿ ಕವಣಿಗೆ ಸುತ್ತ ಹೊಲದಾಗ ಸಾಟಿನs ಇದ್ದಿಲ್ಲ."

ನಾನು ಎದ್ದು ಹೋಗಿ ಅಡಿಗೆಮನೆಯ ನೆಲದ ಮೇಲೆ ಕೂತೆ. ಎರಡು ತಿಂಗಳು ಅವ್ವನ ಕಣ್ಣೆದುರು ಅವಳ ಬೆಳೆಯನ್ನು ನಾನೇ ಹಕ್ಕಿಗೆ ತಿನ್ನಿಸಿದ್ದೆ. ಎದ್ದು ಓಡಿಸಲು ಕಾಲಿಲ್ಲ, ಬೈಯಲು ಬಾಯಿಲ್ಲ. ಕಾಯ್ ಎಂದು ಮಗಳ ಸೆರಗು ಹಿಡಿದು ಬೇಡಿಕೊಂಡರೆ ಮಗಳು ಇನ್ನೊಂದು ಸೇರು ಸುರಿಯುತ್ತಾಳೆ.

ಆ ಸಂಜೆಯೇ ಡಬ್ಬಿ ಇಳಿಸಿದೆ. ತೆನೆಯ ಕಟ್ಟು ಬಿಚ್ಚಿದೆ. ಹಿತ್ತಲನ್ನು ಕಾಳಿಲ್ಲದ ಹಾಗೆ ಗುಡಿಸಿದೆ. ಮರುದಿನ ಗುಬ್ಬಿಗಳು ಬಂದು ಬರಿ ಟೊಂಗೆಯ ಮೇಲೆ ಕೂತು ಚಿಲಿಪಿಲಿ ಜಗಳ ಮಾಡಿ ಹೋದವು. ಮುಂದಿನ ವಾರ ಅವೂ ಬರಲಿಲ್ಲ. ಅವ್ವ ಶಾಂತಳಾದಳು. ಮುಂಜಾನೆಯೇ ಊಟ ಮಾಡಿದಳು. ನಿದ್ದೆ ಚೆನ್ನಾಗಿ ಹತ್ತಿತು. ಕೂಗಲಿಲ್ಲ. ಕೈ ಎತ್ತಲಿಲ್ಲ. ಒಂದು ದಿನ ನಾನು ಹತ್ತಿರ ಕೂತು "ಯವ್ವಾ, ಹಕ್ಕಿ ಅನ್ನು" ಎಂದರೆ ನನ್ನ ಬಾಯಿಯನ್ನೇ ನೋಡಿದಳು. ಅಲ್ಲಿಗೆ ಅವಳಿಗೆ ಬಂದಿದ್ದ ಎರಡು ಮಾತೂ ಹೋಗಿದ್ದವು.

ವ್ಯಾಯಾಮದ ಅಕ್ಕೋರು ಬಲಗೈ ಎತ್ತಿ ಬಿಟ್ಟು ನೋಡಿದರು. ಅದು ತೊಪ್ಪೆಂದು ಬಿತ್ತು.

"ಹಕ್ಕಿ ಯಾಕ ಬಿಡಿಸಿದ್ರಿ?"

ನಾನು ನಡೆದದ್ದೆಲ್ಲ ಹೇಳಿದೆ. ಅವರು ಅವ್ವನ ಕೈಯನ್ನು ಹೊದಿಕೆಯೊಳಗೆ ಸರಿಸಿಟ್ಟರು. ಆಮೇಲೆ, "ನಾ ಏನ್ ಹೇಳ್ಲಿರಿ. ನನ್ನ ಕೆಲಸಕ್ಕ ಅಂದ್ರ ಹಕ್ಕಿ ಬೇಕು. ಅವರ ಜೀವಕ್ಕ ಅಂದ್ರ... ನೀವ ಮಗಳು, ನೀವ ನೋಡ್ರಿ" ಎಂದರು.

ನೀವೇ ನೋಡಿ! ಏನು ನೋಡಲಿ? ಸಂಕಟ ಕೊಟ್ಟರೆ ಅವ್ವ ಮಾತಾಡುತ್ತಾಳೆ, ಸಮಾಧಾನ ಕೊಟ್ಟರೆ ಒಳಗೆ ಇಳಿದು ಹೋಗುತ್ತಾಳೆ. ಯಾವ ಮಗಳಿಗೆ ಇಂಥದ್ದನ್ನು ಆರಿಸು ಎಂದು ಹೇಳುತ್ತಾರೆ? ಆ ರಾತ್ರಿ ಗಂಡನ ಮೇಲೆ ಹರಿಹಾಯ್ದೆ. ತೆನೆ ತಂದದ್ದು ನೀವು, ಡಬ್ಬಿ ಕಟ್ಟಿದ್ದು ನೀವು ಎಂದು. ಅವರು, "ಹೌದು, ನಾನs" ಎಂದಷ್ಟೇ ಹೇಳಿ ತಟ್ಟೆ ತೊಳೆಯಲು ಹೋದರು. ಜಗಳಕ್ಕೂ ಒಂದು ಜೊತೆ ಬೇಕು, ಅದೂ ಸಿಗಲಿಲ್ಲ.

ಡಬ್ಬಿಯನ್ನು ಮತ್ತೆ ಕಟ್ಟಿದೆ. ಆದರೆ ಈ ಸಲ ನಾನೂ ಹಿತ್ತಲಲ್ಲಿ ನಿಂತೆ. ಹಕ್ಕಿ ಇಳಿಯುತ್ತಿದ್ದವು, ಅವ್ವ ಒಳಗಿಂದ "ಹೋ" ಎನ್ನುತ್ತಿದ್ದಳು, ನಾನು ಹೊರಗಿಂದ ಸೆರಗು ಬೀಸಿ "ಹೋಹೋಯ್" ಎಂದು ಓಡಿಸುತ್ತಿದ್ದೆ. ಎರಡನೆಯ ದಿನಕ್ಕೇ ಅವಳ ದನಿ ತಿರುಗಿ ಬಂತು, ನಾಲ್ಕು ದಿನದಲ್ಲಿ ಕೈ ಎದ್ದಿತು. ನಾನು ಓಡಿಸಿದ್ದು ಕಂಡು ಅವ್ವ ಗೋಣು ಹಾಕುತ್ತಿದ್ದಳು, ಹಾಂ, ಹಾಗೇ, ಎನ್ನುವ ಹಾಗೆ. ಒಮ್ಮೆ "ಅಕಾ... ಅಲ್ಲಿ" ಎಂದು ನನಗೆ ಕಾಣದ ಬೆಳವವನ್ನು ತೋರಿಸಿಕೊಟ್ಟಳು. ಹೊಸ ಮಾತು! ಕಾಳು ಹಾಕುವವಳೂ ನಾನೇ, ಓಡಿಸುವವಳೂ ನಾನೇ. ಗೋಡೆಯ ಆಚೆಯಿಂದ ಮೂಲೆಮನೆಯ ಮುದುಕಿ, "ಯವ್ವಗಷ್ಟs ಹೊಡದೈತಿ ಅನ್ಕೊಂಡಿದ್ನಿ, ಮಗಳಿಗೂ ಹೊಡದೈತಲ್ಲ" ಎಂದಳು. ಅನ್ನಲಿ. ಗುಬ್ಬಿಗಳಿಗೆ ಮಾತ್ರ ನನ್ನ ಮೇಲಿನ ಭಯ ಬೇಗ ಹೋಯಿತು. ಒಂದು ಗಜ ಹಾರಿ ಮತ್ತೆ ಇಳಿಯುತ್ತಿದ್ದವು. ಅವ್ವ ಮುಂಜಾನೆಯಿಂದ ಬಿಸಿಲೇರುವವರೆಗೆ ಹನಿ ನೀರೂ ಕುಡಿಯದೆ ಕಾಯುತ್ತಿದ್ದಳು. ಸೊರಗಿ ಕಡ್ಡಿಯಾಗುತ್ತಿದ್ದಳು. ಇದು ನಡೆಯುವ ಆಟವಲ್ಲ ಎಂದು ನನಗೆ ಗೊತ್ತಾಗುತ್ತಿತ್ತು.

ಚಿಗವ್ವ ಫೋನಿನಲ್ಲಿ ಒಂದು ಉಪಾಯ ಹೇಳಿದಳು.

"ಅಕಿನ್ನ ಹೊಲಕ್ಕ ಕರ್ಕೊಂಡ್ ಬಾ. ಬೆಳಿ ಬಂತು, ರಾಶಿ ಆತು, ಜ್ವಾಳ ಮನಿ ಸೇರ್ತು ಅಂತ ನಮ್ಮ ತಮ್ಮನ ಬಾಯಿಲೆ ಹೇಳಸೂಣು. ಕಣ್ಣಿಲೆ ಬರಿ ಹೊಲ ನೋಡಿದ್ಲಂದ್ರ ಮಂಚಿಕಿಯಿಂದ ತಾನs ಇಳಿತಾಳ."

ಅವ್ವನ ತಮ್ಮ, ನನ್ನ ಸೋದರಮಾವ, ಬಬಲೇಶ್ವರದಲ್ಲೇ ಆ ಹೊಲ ಮಾಡಿಕೊಂಡಿದ್ದಾನೆ. ಅವನಿಗೆ ಫೋನಿನಲ್ಲಿ ಎಲ್ಲ ತಿಳಿಸಿ ಹೇಳಿದೆ. ಬೆಳೆ ಮುಗಿಯಿತು ಎಂದಷ್ಟೇ ಹೇಳು, ಬೇರೇನೂ ಬೇಡ ಎಂದೆ. "ಅಷ್ಟs ಹೌದಲ್ಲ? ಬರ್ರಿ ಬರ್ರಿ" ಎಂದ. ಒಳ್ಳೆಯ ಮನುಷ್ಯ. ಅಕ್ಕಂದಿರೆಂದರೆ ಪ್ರಾಣ.

ಬಾಡಿಗೆ ಕಾರು ಮಾಡಿಕೊಂಡು, ತಿಕೋಟಾ ಸುತ್ತಿ ಚಿಗವ್ವನನ್ನು ಹತ್ತಿಸಿಕೊಂಡು ಹೋದೆವು. ದಾರಿಯ ಎರಡೂ ಕಡೆ ಅಲ್ಲಲ್ಲಿ ಜೋಳ ಕೊಯ್ದ ಕೂಳೆ ಕಾಣುತ್ತಿತ್ತು. ಅವ್ವ ಕಾರಿನ ಗಾಜಿಗೆ ಹಣೆ ಹಚ್ಚಿ ಹುಷಾರಾಗಿ ನೋಡುತ್ತಿದ್ದಳು. ಹೊಲದ ದಾರಿಗೆ ತಿರುಗುತ್ತಲೇ ಅವಳಿಗೆ ಗುರುತು ಸಿಕ್ಕಿತು. "ಬಾವಿ" ಎಂದಳು. ಚಿಗವ್ವ ನನ್ನ ತೊಡೆ ಹಿಂಡಿದಳು. ನಿಜಕ್ಕೂ ಅಲ್ಲಿ ಬಾವಿ ಇತ್ತು. ನನ್ನ ಆಸೆ ಎಲ್ಲಿಂದ ಎಲ್ಲಿಗೋ ಹೋಯಿತು.

ಬಾವಿ ದಾಟಿದರೆ ಹೊಲವಿರಲಿಲ್ಲ. ಕಣ್ಣು ಹಾಯುವಷ್ಟು ದ್ರಾಕ್ಷಿ ಪಡಕ. ಹಣ್ಣು ಬಲಿಯುವ ಕಾಲ. ಇಡೀ ತೋಟಕ್ಕೆ ಮೇಲಿಂದ ಕೆಳಗಿನವರೆಗೆ ಹಸಿರು ಬಲೆ ಹೊದಿಸಿದ್ದರು. ಮಾವ ದ್ರಾಕ್ಷಿ ಹಚ್ಚಿದ್ದು ಚಿಗವ್ವನಿಗೆ ಗೊತ್ತಿತ್ತು, ಆದರೆ ಅವಳ ತಲೆಯಲ್ಲಿ ಮೂಲೆಯ ಎರಡು ಎಕರೆ ಇನ್ನೂ ಜೋಳಕ್ಕೇ ಇತ್ತು. ಈ ವರ್ಷ ಅದಕ್ಕೂ ಹಚ್ಚಿದ್ದನಂತೆ. ನಾವಿಬ್ಬರೂ ಕಾರಿನಲ್ಲೇ ಕಲ್ಲಾದೆವು. ಅಷ್ಟರಲ್ಲಿ ಮಾವ ಓಡಿ ಬಂದು ಬಾಗಿಲು ತೆಗೆದು, ಅಕ್ಕನನ್ನು ಮಗುವಿನ ಹಾಗೆ ಎತ್ತಿ ಕುರ್ಚಿಯಲ್ಲಿ ಕೂರಿಸಿದ.

"ಯಕ್ಕಾ, ಬೆಳಿ ಬಂತು, ರಾಶಿ ಆತು" ಎಂದ, ಹೇಳಿಕೊಟ್ಟ ಹಾಗೆ.

ಅವ್ವ ಬಲೆಯನ್ನೇ ನೋಡುತ್ತಿದ್ದಳು. ಎಡಗೈ ಚಾಚಿ ಅದನ್ನು ಮುಟ್ಟಿದಳು. ಒಳಗೆ ಹಣ್ಣಿನ ಗೊಂಚಲು, ಹೊರಗೆ ಒಂದು ಗೊರವಂಕ ಬಲೆಗೆ ಕಾಲು ಸಿಕ್ಕಿಸಿಕೊಂಡು ರೆಕ್ಕೆ ಬಡಿಯುತ್ತಿತ್ತು. ಮಾವ ಅದನ್ನು ಬಿಡಿಸಿ ಹಾರಿಸಿದ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ! ಆದರೆ ಅಕ್ಕನ ಕಣ್ಣು ಬಲೆಯ ಮೇಲಿದ್ದದ್ದು ಕಂಡು ಅವನಿಗೆ ಹೆಮ್ಮೆ ಉಕ್ಕಿತು. ಅಕ್ಕನನ್ನು ಖುಷಿಪಡಿಸುವ ಮಾತೆಂದೇ ತಿಳಿದು ಅಂದ:

"ಈಗ ನಾವ್ ಯಾರೂ ಹಕ್ಕಿ ಕಾಯೂದಿಲ್ಲ ಯಕ್ಕಾ. ಜಾಳಿಗಿನs ಕಾಯ್ತೈತಿ. ಆರಾಮ ಆಗೈತಿ ನೋಡು."

ಚಿಗವ್ವ "ಯಪ್ಪಾ, ಸಾಕ್ ಮಾಡೋ" ಎಂದಳು. ಮಾವನಿಗೆ ಏನೂ ತಿಳಿಯಲಿಲ್ಲ. ಮೊದಲ ಗೊಂಚಲು ಕೊಯ್ದು ತೊಳೆದು ತಂದು, ಒಂದೊಂದೇ ಹಣ್ಣು ಬಿಡಿಸಿ ಅಕ್ಕನ ಬಾಯಿಗೆ ಇಟ್ಟ. ಅವ್ವ ತಿಂದಳು. ನಾನು ಅವನನ್ನು ಬೈಯಬೇಕೆಂದು ಬಾಯಿ ತೆರೆದವಳು ಅವನ ಮುಖ ನೋಡಿ ಮುಚ್ಚಿದೆ. ವಾಪಸು ಬರುವಾಗ ಅವ್ವ ಗಾಜಿಗೆ ಹಣೆ ಹಚ್ಚಲಿಲ್ಲ, ದಾರಿಯುದ್ದಕ್ಕೂ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

ಮರುದಿನ ಮುಂಜಾನೆ ಎಂದಿನ ಹಾಗೆ ಡಬ್ಬಿ ತುಂಬಿ ಒಳಗೆ ಬಂದೆ. ವ್ಯಾಯಾಮದ ಅಕ್ಕೋರೂ ಬಂದಿದ್ದರು. ಗಿಳಿ ಇಳಿದವು, ಗುಬ್ಬಿ ಇಳಿದವು. ನಾನು ಉಸಿರು ಹಿಡಿದು ಅವ್ವನನ್ನೇ ನೋಡುತ್ತಿದ್ದೆ. ಅವಳ ಕೈ ಏಳಲಿಲ್ಲ. ಬಹಳ ಹೊತ್ತಾದ ಮೇಲೆ ತುಟಿ ಅಲುಗಿತು.

"ತಿನ್ಲಿ" ಎಂದಳು.

ಎಷ್ಟು ಸ್ಪಷ್ಟ! ಎಡವದೆ, ಬೆವರದೆ, ಮೊದಲಿನ ಅವ್ವ ಅಂದ ಹಾಗೆ. ಅಕ್ಕೋರು, "ಅಯ್ಯ ನಮ್ಮವ್ವ! ಮಾತು ಎಷ್ಟು ಚಂದ ಬಂತಲ್ರಿ!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಸಮಾಧಾನ ಬೇಕು ಎಂದು ಬೇಡಿಕೊಂಡವಳೂ ನಾನೇ, ಮಾತು ಬೇಕು ಎಂದು ಬೇಡಿಕೊಂಡವಳೂ ನಾನೇ. ಎರಡೂ ಒಟ್ಟಿಗೆ ಬಂದಿದ್ದವು.

ನನ್ನಿಂದ ತಡೆಯಲಾಗಲಿಲ್ಲ. ಹಿತ್ತಲಿಗೆ ಓಡಿದೆ. ಸೆರಗು ಬಿಚ್ಚಿ ಬೀಸಿದೆ. ಹೋಹೋಯ್ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು ಹಾರಿದವು, ಹಿತ್ತಲು ಖಾಲಿಯಾಯಿತು. ಏದುಸಿರು ಬಿಡುತ್ತ ಕಿಟಕಿಗೆ ಬಂದು ಸರಳು ಹಿಡಿದು, "ಓಡಿಸಿದ್ನಿ ಬೇ ಯವ್ವಾ, ನೋಡು, ಎಲ್ಲಾ ಓಡಿಸಿದ್ನಿ" ಎಂದೆ.

ಅವ್ವ ನನ್ನನ್ನು ನೋಡಿದಳು. ಪರಊರಿನ ಹುಡುಗಿಯೊಬ್ಬಳು ದಾರಿ ತಪ್ಪಿ ಬಂದಿದ್ದರೆ ಕೇಳುವಷ್ಟು ಮೆಲ್ಲಗೆ ಕೇಳಿದಳು.

"ಯಾರ ಹೊಲ?"

ನಾನು ಸರಳು ಹಿಡಿದುಕೊಂಡೇ ನಿಂತೆ. ಬೇವಿನ ಮರದಿಂದ ಬೆಳವಗಳು ಒಂದೊಂದೇ ಇಳಿದು ಬಂದು ಕಾಳು ಹೆಕ್ಕತೊಡಗಿದವು.